ಮಲೇರಿಯಾ ಎಂದರೆ ಕೆಟ್ಟ ಗಾಳಿ

ಚೆಂಬೂರಿನಲ್ಲಿ ನಮ್ಮ ಚಾಳಿನ ಎದುರಿಗಿದ್ದ ಡಾಕ್ಟರು ಮಂಗಳೂರು ಕಡೆಯವರು. ಯಾವ ಕಾಯಿಲೆ ಬಂದರೂ ಔಷಧಕ್ಕಿಂತ ಮೊದಲು ಅದರ ಹೆಸರು ಎಲ್ಲಿಂದ ಬಂತೆಂದು ಹೇಳುವುದು ಅವರ ಚಟ. ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ನನಗೆ ಚಳಿಜ್ವರ ಹಿಡಿದಾಗ, "ಮಲೇರಿಯಾ ಅಂದ್ರೆ ಇಟಲಿಯವರ ಮಾತಿನಲ್ಲಿ ಕೆಟ್ಟ ಗಾಳಿ" ಎಂದು ಅವ್ವನಿಗೆ ವಿವರಿಸಿ ಗುಳಿಗೆ ಕೊಟ್ಟರು.

ಬಿಜಾಪುರದಿಂದ ಬಂದ ಅವ್ವನಿಗೆ ಅದು ತಟ್ಟನೆ ಒಪ್ಪಿತು. ಹತ್ತಿರದ ತೈಲ ರಿಫೈನರಿಯ ವಾಸನೆ ದಿನವೂ ಮನೆಯೊಳಗೆ ಬರುತ್ತಿತ್ತಲ್ಲ. ಇದ್ದ ಒಂದೇ ಕಿಟಕಿಗೆ ಹಳೆಯ ಕೌದಿಯನ್ನು ಮೊಳೆ ಹೊಡೆದು ಬಿಗಿದಳು. ಸೆಕೆಯಲ್ಲಿ ಬೆಂದು ನಾನು ರೇಗಾಡಿದರೂ ತೆಗೆಯಲಿಲ್ಲ. ನಾನು ಎದ್ದು ಓಡಾಡುವ ಹೊತ್ತಿಗೆ ಅದೇ ಜ್ವರದಿಂದ ಅಪ್ಪ ಹಾಸಿಗೆ ಹಿಡಿದ.

ಅಪ್ಪನನ್ನು ನೋಡಲು ಮನೆಗೇ ಬಂದ ಡಾಕ್ಟರು ಕಿಟಕಿಯ ಕೌದಿಯನ್ನು ನೋಡಿದರು. ಆಮೇಲೆ ಬಚ್ಚಲಿನ ಪಕ್ಕದಲ್ಲಿದ್ದ, ಮುಚ್ಚಳವಿಲ್ಲದ ನೀರಿನ ಡ್ರಮ್ಮಿನೊಳಗೆ ಬಗ್ಗಿ ನೋಡಿದರು. ಸಣ್ಣ ಹುಳುಗಳು ಹೊರಳಾಡುತ್ತಿದ್ದವು.

"ಇವು ಸೊಳ್ಳೆಯ ಮರಿಗಳು. ಜ್ವರ ಬರುವುದು ಸೊಳ್ಳೆಯಿಂದ ಅಮ್ಮಾ. ಹೆಸರಿಟ್ಟವರಿಗೆ ಆಗ ಅದು ಗೊತ್ತಿರಲಿಲ್ಲ" ಎಂದರು.

ಅವ್ವ ಕೌದಿ ಬಿಚ್ಚಿ ಅದನ್ನೇ ಡ್ರಮ್ಮಿಗೆ ಹೊದಿಸಿದಳು.

"ಅವರಿಗೆ ಗೊತ್ತಿರಲಿಲ್ಲ, ಖರೆ. ನಿಮಗ ಗೊತ್ತಿತ್ತಲ್ರೀ?"