ಚಾವಣಿಯ ಮೇಲಿನ ನೀರು

ಹಿನ್ನೀರಿನ ಅಂಚಿಗೆ ನಿಂತ ಆ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಕಬ್ಬಿಣ ಅನ್ನುವುದೆಲ್ಲ ತುಕ್ಕು ಹಿಡಿದಿದೆ. ಲಿಫ್ಟು ತನಗೆ ಮನಸ್ಸು ಬಂದಾಗ ಮಾತ್ರ ಏರುತ್ತದೆ. ಆದರೆ ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾಲ್ಕನೇ ಮಹಡಿಯ ಟೈಲರಮ್ಮನ ಮಲಗುವ ಕೋಣೆಗೆ ಬಂದು ನೋಡಬೇಕು. ನೀರಿನ ಮೇಲೆ ಬಿದ್ದ ಬಿಸಿಲು ಪುಟಿದು ಕಿಟಕಿಯಿಂದ ಒಳಬಂದು ಚಾವಣಿಯ ತುಂಬ ತೇಲಾಡುತ್ತದೆ. ಮಂಚ, ಬೀರು, ಹೊಲಿಗೆ ಯಂತ್ರ ಎಲ್ಲವೂ ನೀರೊಳಗೆ ಇಳಿದಂತೆ ಕಾಣುತ್ತವೆ.

ಅವರ ಯಜಮಾನರು ಜನರನ್ನು ದಡ ದಾಟಿಸುವ ಲಾಂಚು ಓಡಿಸುತ್ತಿದ್ದವರು. ಲಕ್ವ ಹೊಡೆದ ಮೇಲೆ ಅಂಗಾತ ಮಲಗಿದ್ದಾರೆ. ಕತ್ತು ಹೊರಳುವುದಿಲ್ಲ, ಮಾತು ದಿನಕ್ಕೊಂದೋ ಎರಡೋ. ಕಿಟಕಿ ಪಕ್ಕದಲ್ಲೇ ಇದ್ದರೂ ಅವರ ಪಾಲಿಗೆ ಉಳಿದ ನೀರೆಂದರೆ ಚಾವಣಿಯ ಮೇಲಿನದೇ. ಹೊರಗೆ ಲಾಂಚು ಹಾದುಹೋದರೆ ಆ ಬೆಳಕು ಅಲ್ಲೋಲಕಲ್ಲೋಲವಾಗುತ್ತದೆ, ಅವರ ಬಲಗೈ ಬೆರಳುಗಳು ಹೊದಿಕೆಯ ಮೇಲೆ ಚುಕ್ಕಾಣಿ ಹಿಡಿದಂತೆ ಮಡಿಸಿಕೊಳ್ಳುತ್ತವೆ.

ಇದನ್ನೆಲ್ಲ ದಿನಾ ನೋಡುವ ಟೈಲರಮ್ಮ ಮಾಡಿದ್ದೇನು? ಮಹಡಿಮಹಡಿಗೂ ಪರದೆ ಹೊಲಿದುಕೊಟ್ಟ ಹೆಮ್ಮೆಗೆ, ಹಾಳು ಬಿಸಿಲು ನನ್ನ ಪರದೆಗಳ ಬಣ್ಣ ತಿಂದುಹಾಕುತ್ತೆ ಎಂದು ಸಿಕ್ಕಸಿಕ್ಕವರ ಬಳಿ ಗೊಣಗಿದರು. ಕೇಳಿ ಕೇಳಿ ನಿವಾಸಿಗಳ ಸಂಘದ ಕಾರ್ಯದರ್ಶಿಗೂ ಹೌದೆನ್ನಿಸಿತು. ನೀರಿನ ಕಡೆಯ ಕಿಟಕಿಗಳಿಗೆಲ್ಲ ಕಪ್ಪು ಗಾಜು ಹಾಕಿಸುವುದೆಂದು ಸಭೆಯಲ್ಲಿ ಸಾರಿ, ಟೈಲರಮ್ಮನಿಗೆ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಕಪ್ಪು ಗಾಜು ಬಂದರೆ ಚಾವಣಿಯ ನೀರೂ ಹೋಗುತ್ತದೆಂದು ಟೈಲರಮ್ಮನಿಗೆ ಆಗಲೇ ಹೊಳೆದದ್ದು. ಆದರೂ ನಗುತ್ತ ಕೈಮುಗಿದು ಬಂದರು.

ಗಾಜಿನವನು ಕೆಳಗಿನ ಮಹಡಿಗಳನ್ನು ಮುಗಿಸುವವರೆಗೂ ಗಂಡನಿಗೆ ವಿಷಯ ಹೇಳದೆ ಮುಚ್ಚಿಟ್ಟರು. ಅವನು ಒಂದು ಇಳಿಮಧ್ಯಾಹ್ನ ತಮ್ಮ ಬಾಗಿಲಿಗೆ ಬಂದಾಗ ಅಡ್ಡ ನಿಂತೇಬಿಟ್ಟರು. ಕಾರ್ಯದರ್ಶಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ನೀವೇ ಕೇಳಿದ್ದಲ್ಲವೇ ಎಂದು ರೇಗಿದರು.

“ನಾನೇ ಕೇಳಿದ್ದು. ಬುದ್ಧಿ ಇರಲಿಲ್ಲ. ಒಂದ್ನಿಮಿಷ ಒಳಗೆ ಬನ್ನಿ,” ಎಂದರು ಟೈಲರಮ್ಮ.

ಕಾರ್ಯದರ್ಶಿ ಒಳಗೆ ಬಂದರು. ಹೊರಗೆ ಲಾಂಚೊಂದು ಹೋಯಿತು, ಚಾವಣಿ ಕದಡಿತು, ಮಂಚದ ಮೇಲಿನ ಬೆರಳುಗಳು ಮಡಿಸಿಕೊಂಡವು. ಕಾರ್ಯದರ್ಶಿ ಚಾವಣಿಯನ್ನೂ ಆ ಬೆರಳುಗಳನ್ನೂ ನೋಡಿ, ಆಮೇಲೆ ಗಾಜಿನವನನ್ನು ಪಕ್ಕದ ಮನೆಗೆ ಕಳಿಸಿದರು.

ಟೈಲರಮ್ಮ ಬಾಗಿಲು ಹಾಕಿ ಬಂದಾಗ ಯಜಮಾನರ ತುಟಿ ಅಲುಗುತ್ತಿತ್ತು. ಬಗ್ಗಿ ಕಿವಿಗೊಟ್ಟರು.

“ನಿನ್ನ ಪರದೆ... ಮಾಸಿಹೋಗುತ್ತಲ್ಲೇ.”

ಇಷ್ಟು ದಿನದ ಗೊಣಗಾಟವನ್ನೆಲ್ಲ ಅವರು ಮಲಗಿದಲ್ಲೇ ಕೇಳಿಸಿಕೊಂಡಿದ್ದರು. ಟೈಲರಮ್ಮನಿಗೆ ಅಳು ಬಂತು. “ಮಾಸಲಿ ಬಿಡ್ರೀ,” ಎಂದು ಸ್ಟೂಲು ಎಳೆದು ಹತ್ತಿ, ಕಿಟಕಿಯ ಪರದೆಯನ್ನು ಅದರ ಸರಳಿನ ಸಮೇತ ಕಳಚಿ ಕೆಳಗಿಳಿಸಿದರು.