ಅಕ್ಕೋರಿಗೆ ಕಾಣದಂತೆ ಮಾಡಿದ ಪುಟ

ಸಹನಾ ಮೇಡಂ, ನಿಮ್ಮ ಬರಹವನ್ನು ಅಕ್ಕೋರು ಓದಲಾಗದಂತೆ ಮಾಡಿದವನು ನಾನು. ವೆಬ್‌ಸೈಟಿನಲ್ಲಿ ದೋಷವಿರಲಿಲ್ಲ. ಅವರ ಟ್ಯಾಬ್ ಕೆಟ್ಟಿರಲಿಲ್ಲ. ನಾನೇ, ಈ ಕೈಯಿಂದಲೇ, ನಿಮ್ಮ ಪುಟಕ್ಕೆ ಮಾತ್ರ ಎರಡು ಸಾಲು ಸೇರಿಸಿದೆ. ಆಮೇಲೆ, ನೀವು ಎಂದೂ ಆಡದ ಒಂದು ಮಾತನ್ನು ನಿಮ್ಮ ಹೆಸರಿನಲ್ಲಿ ಅವರಿಗೆ ಹೇಳಿದೆ. ಆ ಮಾತು ಹೆಚ್ಚು ಕೆಟ್ಟದ್ದು.

ಇದಾಗಿ ಎರಡು ವರ್ಷ. ನಾನು ಒಂದೇ ಬೆರಳಿನಿಂದ ಟೈಪ್ ಮಾಡುವವನು, ಒತ್ತಕ್ಷರ ಬಂದಲ್ಲಿ ನಿಂತು ಹುಡುಕುವವನು — ಆದರೆ ತಡವಾದದ್ದು ಅದಕ್ಕಲ್ಲ. ಇದನ್ನು ನಮ್ಮ ಕನ್ನಡ ಬಳಗದ ವೆಬ್‌ಸೈಟಿನಲ್ಲೇ ಹಾಕುತ್ತಿದ್ದೇನೆ. ಉಳಿದವರೂ ಓದುತ್ತಾರೆ. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಸ್ವಲ್ಪ ಬರೆಯಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ.

ಅಕ್ಕೋರು ಮರಾಠಿ ನಾಡಿನ ದೇಹೂ ರೋಡಿನಲ್ಲಿ ನಮ್ಮ ಚಾಳಿನ ಹಿಂದಿನ ಓಣಿಯಲ್ಲಿ ಇದ್ದಾರೆ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ನನಗೆ ಮಾತ್ರ ಇರುವುದು ಇವರೊಬ್ಬರೇ. ನಾನು ಚಡಚಣದವನು, ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವನು. ಚಾಕಣದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಡಬ್ಬದ ಬಣ್ಣ ನೋಡಿ ಬೋಲ್ಟು ಯಾವುದು, ವಾಷರು ಯಾವುದು ಎಂದು ಗುರುತು ಹಿಡಿಯುತ್ತಿದ್ದೆ. ಒಂದು ದಿನ ಎಲ್ಲ ಡಬ್ಬಗಳೂ ಒಂದೇ ಬಣ್ಣದವು ಬಂದವು, ಮೇಲೆ ಬರೀ ಚೀಟಿ. ಆ ಸಂಜೆ ಅಕ್ಕೋರ ಬಾಗಿಲಲ್ಲಿ ಹೋಗಿ ನಿಂತೆ. ಆಗ ನನಗೆ ಮೂವತ್ತೆರಡು.

“ಈ ವಯಸ್ಸಿನ್ಯಾಗ ಬಂದೀಯಲ್ಲ, ನಾಚಿಕಿ ಎಲ್ಲಿ ಬಿಟ್ಟು ಬಂದಿ?” ಎಂದರು.

“ಹೊರಗ, ಚಪ್ಪಲಿ ಜೋಡಿ ಬಿಟ್ಟೀನ್ರಿ” ಎಂದೆ.

“ಹಂಗಾರ ಒಳಗ ಬಾ. ಹೋಗೂವಾಗ ಚಪ್ಪಲಿ ಅಷ್ಟ ಹಾಕ್ಕೊಂಡು ಹೋಗು.”

ಅಕ್ಷರದಿಂದ ಹತ್ತನೆಯ ಪರೀಕ್ಷೆಯವರೆಗೆ ಅವರೇ ಕಲಿಸಿದರು. ಇವತ್ತು ನಾನು ಏನು ಓದಿದರೂ ಅದರೊಳಗೆ ಅವರ ದನಿ ಇರುತ್ತದೆ.

ನಿವೃತ್ತರಾದ ಮೇಲೆ ಅವರ ಕಣ್ಣಿನ ನಡುಭಾಗ ಮಸುಕಾಗುತ್ತ ಬಂತು. ಅವರ ಸೋದರಳಿಯ ಟ್ಯಾಬಿನಲ್ಲಿ ಅಕ್ಷರವನ್ನು ಎಷ್ಟು ಸಾಧ್ಯವೋ ಅಷ್ಟು ದೊಡ್ಡದು ಮಾಡಿಕೊಟ್ಟಿದ್ದ. ಒಂದು ಸಾಲಿಗೆ ನಾಲ್ಕು ಪದ. ತಲೆ ಓರೆ ಮಾಡಿ, ಕಣ್ಣಿನ ಅಂಚಿನಿಂದ ಆ ನಾಲ್ಕು ಪದ ಓದಿ, ಮುಂದಿನ ಸಾಲಿಗೆ ಹೋಗುತ್ತಿದ್ದರು. ನಮ್ಮ ಬಳಗದವರು ಬರೆದು ವೆಬ್‌ಸೈಟಿಗೆ ಹಾಕುವ ಪುಟಗಳನ್ನು ಪ್ರತಿ ತಿಂಗಳೂ ಹಾಗೆಯೇ ಪೂರ್ತಿ ಓದುತ್ತಿದ್ದರು. ಓದಿದ ಮೇಲೆ ಬರೆದವರಿಗೆ ಫೋನ್ ಮಾಡಿ ಮೊದಲು ತಪ್ಪು ಹೇಳುತ್ತಿದ್ದರು. ಎಲ್ಲರ ಬರಹದೊಳಗಿಂದ ತಮಗೆ ಹಿಡಿಸಿದ ಒಂದೇ ಒಂದು ವಾಕ್ಯವನ್ನು ಆರಿಸಿ, ಹರಿದ ಕ್ಯಾಲೆಂಡರ್ ಹಾಳೆಯ ಹಿಂದೆ ದಪ್ಪ ಮಾರ್ಕರಿನಲ್ಲಿ ಬರೆದು, ಗೋಡೆಯ ಮೊಳೆಗೆ ಚುಚ್ಚುತ್ತಿದ್ದರು. ಕೆಳಗೆ ಬರೆದವರ ಹೆಸರು. ತಿಂಗಳಿಗೆ ಒಂದು ಹಾಳೆ. ಮೊಳೆಯೂ ಒಂದೇ.

ಆ ಮೊಳೆಗಾಗಿ ನಾನು ಬರೆಯುತ್ತಿದ್ದೆ. ಬೇರೆ ಏನನ್ನು ಹೇಳಿದರೂ ಸುಳ್ಳಾಗುತ್ತದೆ. ಒಂದು ಪುಟಕ್ಕೆ ನಾಲ್ಕು ಸಂಜೆ ಹಿಡಿಯುತ್ತಿತ್ತು. ‘ಅಪ್ಪನ ಕೈ ಹಿಡಿದು ನಡೆದ ರಸ್ತೆಯ ಹೆಸರನ್ನು ಓದಲು ನನಗೆ ಮೂವತ್ತು ವರ್ಷ ಬೇಕಾಯಿತು’ ಎಂಬ ನನ್ನ ವಾಕ್ಯ ಗೋಡೆಗೆ ಹತ್ತಿದ ತಿಂಗಳು, ಏನಾದರೂ ನೆಪ ಮಾಡಿ ದಿನವೂ ಅವರ ಮನೆಗೆ ಹೋಗುತ್ತಿದ್ದೆ. ಹಾಲಿನ ಪ್ಯಾಕೆಟ್ಟು ಕೊಡಲು, ಕಣ್ಣಿನ ಡ್ರಾಪ್ಸ್ ತಂದುಕೊಡಲು. ನಿಜಕ್ಕೂ ಗೋಡೆ ನೋಡಲು.

ಆಮೇಲೆ ನೀವು ಬಂದಿರಿ.

ಯೆರವಡಾದ ದೊಡ್ಡ ಕಂಪನಿಯಲ್ಲಿ ಕೆಲಸ, ತುಮಕೂರು ಕಡೆಯ ಮೃದು ಮಾತು. ನಮ್ಮ ಹಳೆಯ ವೆಬ್‌ಸೈಟು ನೋಡಿ ನಕ್ಕಿರಿ, ಎರಡು ಭಾನುವಾರ ಕೂತು ಹೊಸದು ಕಟ್ಟಿಕೊಟ್ಟಿರಿ. ಪುಟ ಏರಿಸುವುದನ್ನು ನನಗೆ ಕಲಿಸಿದಿರಿ. ಅಕ್ಷರದ ಗಾತ್ರದ ಜಾಗ ಬಂದಾಗ ನೀವು ಹೇಳಿದ್ದು ನನಗೆ ಹಾಗೆಯೇ ನೆನಪಿದೆ.

“ಮಲ್ಲಪ್ಪ ಅವ್ರೇ, ಇಲ್ಲಿ ಮಾತ್ರ ಯಾವತ್ತೂ ಪಿಕ್ಸೆಲ್ ಅಂತ ನಂಬರ್ ಹಾಕ್ಬೇಡಿ. ಹಾಕಿದ್ರೆ ಅಕ್ಷರ ಕಟ್ಟಿಹಾಕ್ದಂಗೆ. ಓದೋರು ತಮಗೆ ಎಷ್ಟು ದೊಡ್ಡದು ಬೇಕು ಅಂತ ಅವ್ರ ಬ್ರೌಸರ್‌ಗೆ ಮೊದ್ಲೇ ಹೇಳಿರ್ತಾರೆ. ನಮ್ಮ ಪುಟ ಆ ಮಾತು ಕೇಳ್ಬೇಕು, ಅಷ್ಟೆ.”

ಎಷ್ಟು ಒಳ್ಳೆಯ ಮಾತು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನೀವು ಬರೆಯಲೂ ತೊಡಗಿದಿರಿ. ಒಂದು ಗಂಟೆಯಲ್ಲಿ, ಆಫೀಸಿನ ಬಸ್ಸಿನಲ್ಲಿ ಕೂತು, ಫೋನಿನಲ್ಲಿ. ‘ಹೊಸ ಊರಿನಲ್ಲಿ ಮೊದಲು ಪರಿಚಯವಾಗುವುದು ಪಕ್ಕದ ಮನೆಯ ಕುಕ್ಕರಿನ ಸೀಟಿ’ ಎಂಬ ನಿಮ್ಮ ವಾಕ್ಯ ಗೋಡೆಗೆ ಹತ್ತಿತು. ಇರಲಿ ಎಂದುಕೊಂಡೆ. ಮರುತಿಂಗಳೂ ನಿಮ್ಮದೇ. ಅದರ ಮುಂದಿನ ತಿಂಗಳೂ. ಆ ಮೂರನೆಯ ಸಲ ನಾನು ಡ್ರಾಪ್ಸ್ ಹಿಡಿದು ಒಳಗೆ ಹೋದಾಗ, ಅಕ್ಕೋರು ತರಕಾರಿ ಮಾರುವ ಮಾವಶಿಯನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ನಿಮ್ಮ ವಾಕ್ಯವನ್ನು ಮರಾಠಿಯಲ್ಲಿ ಬಿಡಿಸಿ ಹೇಳುತ್ತಿದ್ದರು. ಆಕೆ ಬುಟ್ಟಿ ಇಳಿಸಿ ನಗುತ್ತಿದ್ದಳು. ನನ್ನ ಯಾವ ವಾಕ್ಯವನ್ನೂ ಅಕ್ಕೋರು ಮರಾಠಿಯಲ್ಲಿ ಯಾರಿಗೂ ಹೇಳಿರಲಿಲ್ಲ.

“ನೋಡೋ ಮಲ್ಲಪ್ಪಾ, ಎಷ್ಟು ಹಗುರ ಬರೀತದ ಹುಡುಗಿ. ನೀ ಬರದ್ರ ಮೂಟಿ ಹೊತ್ತಂಗ ಕಾಣ್ತದ” ಎಂದು ನಕ್ಕರು.

ಅವರು ಚೇಷ್ಟೆ ಮಾಡಿದ್ದು. ನನಗೆ ಗೊತ್ತು. ಚಿಕ್ಕಂದಿನಲ್ಲಿ ಅಡತಿ ಅಂಗಡಿಯಲ್ಲಿ ನಾನು ಮೂಟೆ ಹೊತ್ತವನು ಎಂದು ಅವರಿಗೂ ಗೊತ್ತು. ನಾನೂ ನಕ್ಕೆ, ಡ್ರಾಪ್ಸ್ ಅಲ್ಲೇ ಇಟ್ಟು ಹೊರಟುಬಂದೆ. ನಿಮಗೆ ಅಪ್ಪ ಅಮ್ಮ ಅಕ್ಷರ ಕೊಟ್ಟರು, ಶಾಲೆ ಕೊಟ್ಟಿತು, ಕಾಲೇಜು ಕೊಟ್ಟಿತು. ನನಗೆ ಕೊಟ್ಟವರು ಇವರೊಬ್ಬರು. ಇವರನ್ನೂ ನೀವೇ —

ಮುಂದಿನ ತಿಂಗಳ ಪುಟಗಳನ್ನು ಏರಿಸುವಾಗ, ನಿಮ್ಮ ಪುಟದಲ್ಲಿ ಮಾತ್ರ, ನೀವು ಹಾಕಬೇಡಿ ಎಂದ ಜಾಗದಲ್ಲೇ ನಂಬರ್ ಹಾಕಿದೆ. ಹದಿನಾರು ಪಿಕ್ಸೆಲ್. ಯೋಚಿಸಿಯೇ ಹಾಕಿದೆ. ಏನೂ ಬದಲಿಸದೆ ಓದುವವರಿಗೆಲ್ಲ ಅದು ಮೊದಲಿನಷ್ಟೇ ಕಾಣುತ್ತದೆ; ನೀವು ತೆರೆದು ನೋಡಿದರೂ ಗೊತ್ತಾಗುವುದಿಲ್ಲ. ದೊಡ್ಡ ಅಕ್ಷರ ಕೇಳಿದವರಿಗೆ ಮಾತ್ರ ದೊಡ್ಡದಾಗುವುದಿಲ್ಲ. ಎರಡು ಬೆರಳಿನಿಂದ ಹಿಗ್ಗಿಸಿದರೂ ಪುಟ ಹಿಗ್ಗದಂತೆ ಇನ್ನೊಂದು ಸಾಲು ಸೇರಿಸಿದೆ. ನಮ್ಮ ಬಳಗದಲ್ಲಿ ದೊಡ್ಡ ಅಕ್ಷರ ಕೇಳಿದವರು ಒಬ್ಬರೇ ಎಂದು ನನಗೆ ಗೊತ್ತಿತ್ತು. ಇಡೀ ಊರಿನಲ್ಲಿ ಒಬ್ಬರ ಮುಖಕ್ಕೆ ಮಾತ್ರ ಬಾಗಿಲು ಹಾಕಿದೆ. ನೀವು ಕಲಿಸಿದ್ದರಿಂದಲೇ ನನಗೆ ಆ ಬಾಗಿಲು ಎಲ್ಲಿದೆ ಎಂದು ತಿಳಿದಿತ್ತು.

ಎರಡೇ ದಿನಕ್ಕೆ ಅಕ್ಕೋರು ಕರೆದರು. ಅವರು ಪುಟಕ್ಕೆ ಮರಾಠಿಯ ಹಾಗೆ ಪಾನ ಎನ್ನುತ್ತಾರೆ.

“ಮಲ್ಲಪ್ಪಾ, ಆ ಹುಡುಗಿ ಪಾನ ಯಾಕೋ ದೊಡ್ಡದು ಆಗವಲ್ದು ನೋಡು. ನಿಂದು ಆಗ್ತದ, ಎಲ್ಲಾರದೂ ಆಗ್ತದ. ಆಕಿದೊಂದು ಇರಿವಿ ಸಾಲು ಹೊಂಟಂಗ ಕಾಣ್ತದ. ಆಕಿಗೆ ಹೇಳು, ಮುದುಕಿಗೆ ಕಣ್ಣು ಕಾಣೂದಿಲ್ಲ, ಸ್ವಲ್ಪ ನೋಡವಾ ಅಂತ.”

ನಿಮಗೆ ಹೇಳಲಿಲ್ಲ. ಆ ಕ್ಷಣದಲ್ಲಿ ಎರಡೂ ಸಾಲು ಅಳಿಸಿಬಿಟ್ಟಿದ್ದರೆ ಇದು ಒಂದು ಕೆಟ್ಟ ದಿನದ ಕೆಟ್ಟ ಬುದ್ಧಿ ಎನಿಸಿಕೊಂಡು ಮುಗಿಯುತ್ತಿತ್ತೇನೋ. ಒಂದು ವಾರ ಬಿಟ್ಟು ಅವರ ಮನೆಗೆ ಹೋಗಿ, ಅವರ ಎದುರಿಗೆ ನಿಂತು ಹೇಳಿದೆ —

“ಹೇಳೀನ್ರಿ ಅಕ್ಕೋರ. ಅಕ್ಷರ ದೊಡ್ಡದು ಆದ್ರ ಪಾನದ ಚಂದ ಕೆಡ್ತದಂತ್ರಿ. ಹಂಗ ಇರ್ಲಿ ಅಂದ್ರು.”

ಅವರು ಟ್ಯಾಬಿನ ಮೇಲಿನ ಬಟ್ಟೆಯನ್ನು ಸರಿಮಾಡುತ್ತ ಕೂತರು.

“ಹಂಗಂದ್ಲಾ?”

“ಹೌದ್ರಿ.”

“ಇರ್ಲಿ ಬಿಡು. ನಾ ಒಬ್ಬಾಕಿ ಓದದಿದ್ರ ಏನಾತು.”

ಮರುತಿಂಗಳು ಗೋಡೆಗೆ ನನ್ನ ವಾಕ್ಯ ಹತ್ತಿತು. ನನಗೆ ಸಂತೋಷವಾಯಿತು ಮೇಡಂ. ಆಗಲಿಲ್ಲ ಎಂದು ಬರೆದರೆ ಚಂದ ಕಾಣುತ್ತಿತ್ತು. ಆದರೆ ಆಯಿತು.

ಅಕ್ಕೋರ ಫೋನು ಬರಲಿಲ್ಲ ಎಂದು ನೀವು ನನ್ನನ್ನು ಕೇಳಿದಿರಿ. “ನಾನು ಏನಾದ್ರೂ ತಪ್ಪು ಬರ್ದ್ನಾ? ಒಂದ್ಸಲ ಮನೆಗೆ ಹೋಗಿ ಮಾತಾಡಿಸ್ಲಾ?” ಎಂದಿರಿ. ಅವರಿಗೆ ಮೈಯಲ್ಲಿ ಆರಾಮವಿಲ್ಲ, ಈಗ ಬೇಡ, ಫೋನೂ ಮಾಡಬೇಡಿ ಎಂದೆ. ಇನ್ನೊಂದು ಸಲ ಕೇಳಿದಾಗ, ಅವರು ಈಗೀಗ ಯಾರನ್ನೂ ಮಾತಾಡಿಸುವುದಿಲ್ಲ ಎಂದೆ. ಇಬ್ಬರ ನಡುವೆ ನಾನೊಬ್ಬನೇ ದಾರಿ. ಆ ದಾರಿಯಲ್ಲಿ ನಾನೇ ಅಡ್ಡ ಕೂತಿದ್ದೆ.

ನಿಮ್ಮ ಕೊನೆಯ ಬರಹ ಅಕ್ಕೋರ ಬಗ್ಗೆಯೇ ಇತ್ತು. ಕ್ಯಾಲೆಂಡರಿನ ಹಿಂದೆ ವಾಕ್ಯ ಬರೆದು ಗೋಡೆಗೆ ಚುಚ್ಚುವ ಒಬ್ಬ ಅಕ್ಕೋರ ಬಗ್ಗೆ. ಅದನ್ನು ಏರಿಸುವಾಗ ಪೂರ್ತಿ ಓದಿದೆ. ಓದಿಯೂ — ಹದಿನಾರು ಪಿಕ್ಸೆಲ್ ಹಾಕಿದೆ. ಅಕ್ಕೋರು ಅದನ್ನು ತೆರೆಯಲೇ ಇಲ್ಲ. ನಿಮ್ಮ ಪುಟಗಳನ್ನು ತೆರೆಯುವುದನ್ನು ಅವರು ಆಗಲೇ ಬಿಟ್ಟಿದ್ದರು. ನೀವು ಒಂದು ತಿಂಗಳು ಕಾದಿರಿ. ಆಮೇಲೆ “ಟೈಮ್ ಆಗ್ತಿಲ್ಲ ಮಲ್ಲಪ್ಪ ಅವ್ರೇ, ಬೇರೆಯವರು ಬರೀಲಿ” ಎಂದು ಬಳಗವನ್ನೇ ಬಿಟ್ಟಿರಿ. ಟೈಮಿನ ಮಾತಲ್ಲ ಅದು ಎಂದು ತಿಳಿದಿದ್ದವನು ನಾನೊಬ್ಬನೇ.

ಈ ವರ್ಷ ಅಕ್ಕೋರಿಗೆ ನಾಲ್ಕು ಪದದ ಸಾಲೂ ಕಾಣದಾಯಿತು. ಟ್ಯಾಬ್ ಮೂಲೆ ಸೇರಿತು. ಗೋಡೆಯ ಮೇಲೆ ಕೊನೆಯದಾಗಿ ಚುಚ್ಚಿದ್ದ ನನ್ನ ಹಾಳೆಯೇ ಉಳಿಯಿತು, ಹಳದಿಯಾಗುತ್ತ. ಭಾನುವಾರ ಹೋಗಿ ನಾನೇ ಓದಿ ಹೇಳುತ್ತಿದ್ದೆ. ಈಗ ಅವರು ನನಗೊಬ್ಬನಿಗೇ ಉಳಿದರು. ನನಗೆ ಬೇಕಾಗಿದ್ದದ್ದು ಇದೇ ಅಲ್ಲವೇ?

ಹೋದ ತಿಂಗಳು ಒಂದು ಭಾನುವಾರ, ಚಹಾ ಕುಡಿದು ಕಪ್ಪು ಕೆಳಗಿಟ್ಟು ಅವರೇ ಕೇಳಿದರು.

“ಆ ಹುಡುಗಿ ಬರದದ್ದು ಇನ್ನೂ ಅದಾವೇನು? ನಾ ಓದದವು? ಓದು. ಈ ವಯಸ್ಸಿನ್ಯಾಗ ಸಿಟ್ಟು ಇಟ್ಕೊಂಡು ಏನ್ ಮಾಡ್ಲಿ.”

ಬೇರೆ ಯಾವುದನ್ನಾದರೂ ಓದಬಹುದಿತ್ತು. ಕೈ ತಾನಾಗಿ ಆ ಕೊನೆಯದನ್ನೇ ತೆರೆಯಿತು. ಓದತೊಡಗಿದೆ. ‘ಅವರು ಫೋನ್ ಮಾಡಿ ಮೊದಲು ನನ್ನ ತಪ್ಪು ಹೇಳುತ್ತಾರೆ, ಮನೆಯಿಂದ ಇಷ್ಟು ದೂರದಲ್ಲಿ ನನ್ನ ತಪ್ಪನ್ನು ಇಷ್ಟು ಗಮನವಿಟ್ಟು ನೋಡುವವರು ಇದ್ದಾರೆ ಎಂಬುದೇ ನನಗೆ ಧೈರ್ಯ’ — ಇಲ್ಲಿಗೆ ಬಂದು ನಿಲ್ಲಿಸಿದೆ. ತಲೆ ಎತ್ತಿದೆ. ಅಕ್ಕೋರು ತಲೆ ಓರೆ ಮಾಡಿಕೊಂಡಿದ್ದರು, ಓದುವಾಗ ಮಾಡುತ್ತಿದ್ದ ಹಾಗೆಯೇ. ಅವರ ಆ ಮುಖ ನೋಡಿ, ಆಗಲೂ, ಆಗಲೂ ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಾಯಿತು. ಇದನ್ನು ಬಚ್ಚಿಟ್ಟರೆ ಈ ಬರಹವೂ ಮತ್ತೊಂದು ಸುಳ್ಳಾಗುತ್ತದೆ.

ಓದಿ ಮುಗಿಸಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

“ಇಂಥಾದ್ದು ಬರದಾಕಿ ಹಂಗ ಅಂದಾಳು ಅಂತ ನನಗ ಅನ್ಸೂದಿಲ್ಲ.”

ನಾನು ಅವರ ಖಾಲಿ ಕಪ್ಪನ್ನು ಎತ್ತಿ ಬದಿಗಿಟ್ಟೆ.

“ಮಲ್ಲಪ್ಪಾ, ಖರೇ ಹೇಳು. ಹಂಗ ಅಂದಿದ್ಲೇನು?”

“ಇಲ್ರಿ ಅಕ್ಕೋರ.”

ಹದಿನಾರು ಪಿಕ್ಸೆಲ್ಲಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಅವರು ಕೇಳಿದ್ದು ಒಂದೇ.

“ನನಗ ಕಾಣ್ತಿದ್ದದ್ದು ಆಗ ಇನ್ನ ಎಷ್ಟು ದಿನ ಇತ್ತೋ?”

ನಾನು ಲೆಕ್ಕ ಹಾಕಿದೆ. ಅವರ ಕಣ್ಣಿಗೆ ಇನ್ನೂ ಒಂದು ವರ್ಷದ ಬೆಳಕು ಇತ್ತು. ತಮ್ಮ ಬಗ್ಗೆ ಯಾರೋ ಬರೆದದ್ದನ್ನು ತಾವೇ, ತಮ್ಮ ಕಣ್ಣಿನಿಂದ, ನಾಲ್ಕು ನಾಲ್ಕು ಪದವಾಗಿ ಓದಿಕೊಳ್ಳಬಹುದಾಗಿದ್ದ ವರ್ಷ. ಅದನ್ನು ನಾನು ತೆಗೆದುಕೊಂಡೆ. ಸಾಲು ಅಳಿಸಬಹುದು. ಅದನ್ನು ತಿರುಗಿ ಕೊಡುವುದು ಹೇಗೆ?

ಗೋಡೆಯ ಕಡೆ ಕೈ ತೋರಿಸಿ, “ಅದನ್ನ ತಗಿ” ಎಂದರು. ನನ್ನ ಹಾಳೆಯನ್ನು ತೆಗೆದೆ. ನಿಮ್ಮ ವಾಕ್ಯವನ್ನು ಈಗಲೇ ಬರೆದು ಹಾಕಲೇ ಎಂದು ಕೇಳಿದೆ.

“ನೀ ಬರದು ಹಾಕೂದು ಬ್ಯಾಡ. ಆಕಿ ಬಂದ್ರ ಆಕೀನ ಹಾಕ್ಲಿ. ನೀ ಮೊದಲ ಆಕಿಗೆ ಹೇಳು. ಬಾಯಿಲೇ ಅಲ್ಲ, ಬರದು ಹೇಳು. ಎಲ್ಲಾರೂ ಓದ್ಲಿ.”

“ಬರದು ನಿಮಗ ಓದಿ ತೋರಿಸ್ಲೇನ್ರಿ? ತಪ್ಪು ಇದ್ರ —”

“ಇದನ್ನ ನಾ ತಿದ್ದೂದಿಲ್ಲ ಮಲ್ಲಪ್ಪಾ.”

ಹದಿನೈದು ವರ್ಷದಲ್ಲಿ ನಾನು ಬರೆದದ್ದನ್ನು ತಿದ್ದುವುದಿಲ್ಲ ಎಂದು ಅವರು ಹೇಳಿದ್ದು ಅದೊಂದೇ ಸಲ. ಹೀಗಾಗಿ ಇದರೊಳಗಿನ ತಪ್ಪುಗಳೆಲ್ಲ ನನ್ನವೇ, ಹಾಗೆಯೇ ಇವೆ.

ನಿಮ್ಮ ಎಲ್ಲ ಪುಟಗಳಿಂದ ಆ ಎರಡು ಸಾಲುಗಳನ್ನು ಅಳಿಸಿದ್ದೇನೆ. ಈಗ ಯಾರು ಎಷ್ಟು ದೊಡ್ಡದು ಕೇಳಿದರೂ ನಿಮ್ಮ ಅಕ್ಷರ ಅಷ್ಟು ದೊಡ್ಡದಾಗುತ್ತದೆ. ವೆಬ್‌ಸೈಟಿನ ಕೆಲಸವನ್ನು ಬೇರೆಯವರಿಗೆ ಒಪ್ಪಿಸುತ್ತಿದ್ದೇನೆ. ನೀವು ಕಲಿಸಿದ್ದನ್ನು ಬರೆದುಕೊಂಡಿದ್ದ ನೋಟ್‌ಬುಕ್ಕನ್ನೂ ಅವರಿಗೇ ಕೊಡುತ್ತೇನೆ. ಕ್ಷಮಿಸಿ ಎಂದು ಬರೆದು ಎರಡು ಸಲ ಅಳಿಸಿದೆ. ಅದನ್ನು ಕೇಳಿದರೆ ನಿಮ್ಮ ಮೇಲೆ ಮತ್ತೊಂದು ಭಾರ ಹೊರಿಸಿದ ಹಾಗೆ.

ಅಕ್ಕೋರು ಪ್ರತಿ ಭಾನುವಾರ ಒಂದೇ ಮಾತು ಕೇಳುತ್ತಾರೆ — “ಬರದ್ಯಾ?” ಮೂರು ಭಾನುವಾರ “ಇನ್ನೂ ಇಲ್ರಿ” ಎಂದೆ. ಈ ಭಾನುವಾರ “ಬರದೀನ್ರಿ” ಎನ್ನುತ್ತೇನೆ. ಆಮೇಲೆ ಅವರು ಬಾಗಿಲ ಕಡೆ ಕಿವಿ ಕೊಟ್ಟು ಕೂರುತ್ತಾರೆ, ನನಗೆ ಗೊತ್ತು. ಅವರ ಮನೆಯ ದಾರಿಯಲ್ಲಿ ಈಗ ನಾನು ಕೂತಿಲ್ಲ ಮೇಡಂ. ಮೊಳೆ ಖಾಲಿ ಇದೆ.