ಹೆರಿಗೆ ಆಸ್ಪತ್ರೆಯ ದ್ರೌಪದಿಬಾಯಿ

ಮುಂಬೈ ಹತ್ತಿರದ ಕಲ್ಯಾಣದಲ್ಲಿ ನಮ್ಮ ಹೋಟೆಲಿನ ಎದುರಿಗಿದ್ದ ಹಳೇ ಹೆರಿಗೆ ಆಸ್ಪತ್ರೆಯನ್ನು ತೊಂಬತ್ತಾರರಲ್ಲಿ ಕೆಡವಿದರು. ಎಣ್ಣೆ ಗಿರಣಿಯ ಸೇಠ್ ಒಬ್ಬ ತನ್ನ ಸಂಸಾರಕ್ಕೆಂದು ಕಟ್ಟಿಸಿದ ಮನೆ ಅದು. ಸೊಸೆ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅಲ್ಲಿರಲಾರದೆ, ಹನ್ನೆರಡು ಮಂಚ ಹಾಕಿಸಿ ಆಸ್ಪತ್ರೆಗೆ ಬಿಟ್ಟುಕೊಟ್ಟನಂತೆ. ತೊಂಬತ್ತೆರಡರಲ್ಲಿ ಆಸ್ಪತ್ರೆ ಮುಚ್ಚಿತು. ಆಮೇಲೆ ಒಬ್ಬರು ಸಿಮೆಂಟ್ ಚೀಲ ಪೇರಿಸಿದರು, ಗಣಪತಿ ಮಂಡಳಿಯವರು ಬಿದಿರು ತುಂಬಿದರು. ಈ ಚರಿತ್ರೆಯನ್ನೆಲ್ಲ ನನಗೆ ಹೇಳಿದವಳು ಅಲ್ಲಿ ಹದಿಮೂರು ವರ್ಷ ನೆಲ ಒರೆಸಿದ ದ್ರೌಪದಿಬಾಯಿ. ಮುಚ್ಚಿದ ಮೇಲೂ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು.

ಬಿಜಾಪುರ ಕಡೆಯವಳು. ಗಂಡ ಲಾರಿಗೆ ಮಾಲು ಹೇರುತ್ತಿದ್ದ. ಎಪ್ಪತ್ತೆಂಟರಲ್ಲಿ ಮಗಳು ಕಾಂಚನಾ ಅದೇ ಆಸ್ಪತ್ರೆಯಲ್ಲಿ ಹುಟ್ಟಿದಳು. ಆರು ತಿಂಗಳಿಗೆ ಗಂಡ ಲಾರಿಯಡಿ ಸಿಕ್ಕಿ ಹೋದ. ಊರಿಗೆ ಹೊರಟು ಬಾ ಎಂದು ತಮ್ಮ ಬಂದು ಕರೆದರೂ ಅವಳು ಹೋಗಲಿಲ್ಲ. ಕಿಟಕಿ ಪಕ್ಕ ಜೋಳಿಗೆ ಕಟ್ಟಿ ಮಗು ಮಲಗಿಸಿ ಕೆಲಸಕ್ಕೆ ನಿಂತಳು. ಆ ಜೋಳಿಗೆಯಲ್ಲಿ ಮಲಗಿ ನರ್ಸಮ್ಮಗಳನ್ನೇ ನೋಡುತ್ತ ಬೆಳೆದ ಹುಡುಗಿಗೆ ತಾನೂ ನರ್ಸ್ ಆಗಬೇಕೆಂಬ ಹಟ ಹುಟ್ಟಿದರೆ ಅದರಲ್ಲೇನು ಆಶ್ಚರ್ಯ?

ಟ್ರೇನಿಂಗಿಗೆ ಸೀಟು ಸಿಕ್ಕಿತು. ಸೋಮವಾರದೊಳಗೆ ಜನನ ದಾಖಲೆ ತನ್ನಿ ಎಂದರು. ದಾಖಲೆ ಪುಸ್ತಕ ಎದುರಿನ ಕಟ್ಟಡದ ಕಪಾಟಿನಲ್ಲೇ ಇತ್ತು. ನಾನು ತೆಗೆದು ನೋಡಿದರೆ ತಂದೆಯ ಹೆಸರಿನ ಜಾಗದಲ್ಲಿ ಬರೀ ಒಂದು ಗೆರೆ! ಗಂಡನ ಹೆಸರು ಬಾಯಿಂದ ಹೇಳಬಾರದೆಂದು ಹೆತ್ತ ದಿನ ಇವಳು ತುಟಿ ಬಿಚ್ಚಿರಲಿಲ್ಲ. ಹೇಳುವುದಕ್ಕೆ ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ. ನರ್ಸ್ ಬೇಸತ್ತು ಗೆರೆ ಎಳೆದಿದ್ದಳು. ಓದು ಬಾರದ ದ್ರೌಪದಿಬಾಯಿ ಹದಿಮೂರು ವರ್ಷ ಆ ಕಪಾಟಿನ ಧೂಳು ಒರೆಸಿದ್ದೇ ಬಂತು. ನನಗೆ ಸಿಟ್ಟು ನೆತ್ತಿಗೇರಿತು.

ಶನಿವಾರ ಕಟ್ಟಡ ಕೆಡವುವುದೆಂದು ಗೊತ್ತಾಗಿತ್ತು. ಶುಕ್ರವಾರ ಮುನಿಸಿಪಾಲಿಟಿಯ ಗುಮಾಸ್ತ ದಾಖಲೆ ಪುಸ್ತಕಗಳನ್ನು ಒಯ್ಯಲು ಬಂದ. ತಿದ್ದುಪಡಿ ಏನಿದ್ದರೂ ಇವತ್ತೇ, ಆಮೇಲೆ ಕೋರ್ಟಿಗೆ ಹೋಗಬೇಕು ಎಂದ. ಕಾಂಚನಾಳಿಂದ ತಿಳಿದಿದ್ದ ತಂದೆಯ ಹೆಸರು ಹೇಳಲು ನಾನು ಬಾಯಿ ತೆರೆದೆ.

“ನೀನು ಹೆತ್ತೆಯಾ? ತಾಯಿ ಹೇಳಲಿ” ಎಂದು ಮರಾಠಿಯಲ್ಲಿ ಗದರಿದ.

“ಸಾಹಬ್, ಮೈಂ ಬತಾತೀ ಹೂಂ” ಎಂದು ತಾನೇ ಹೆಸರು ಹೇಳಹೊರಟಳು ಕಾಂಚನಾ. ಅವನು ಅವಳನ್ನೂ ಸುಮ್ಮನಾಗಿಸಿದ.

ದ್ರೌಪದಿಬಾಯಿ ತಲೆ ತಗ್ಗಿಸಿ ನಿಂತೇ ಇದ್ದಳು.

“ಹೇಳಿ ಮಾರಾಯ್ತಿ! ಅವರು ಹೋಗಿ ಹದಿನೆಂಟು ವರ್ಷ ಆಯ್ತು. ಯಾರಿಗೋಸ್ಕರ ಹುಡುಗಿಯ ಬಾಳು ಹಾಳು ಮಾಡ್ತೀರಿ?” ಎಂದು ರೇಗಿದೆ.

ಅವಳು ನನ್ನನ್ನು ನೋಡಿದ ನೋಟಕ್ಕೆ ನಾನೇ ನಾಚಿದೆ. ಗುಮಾಸ್ತ ಪುಸ್ತಕ ಮುಚ್ಚಹೊರಟ. ಅವಳು ಸರ್ರನೆ ಮುಂದೆ ಬಂದು ತೆರೆದ ಪುಟದ ಮೇಲೆ ಅಂಗೈ ಊರಿದಳು.

“ಹೆಸರು ತಗೊಂಡ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂದ್ರು ಅಣ್ಣಾರ. ಒಂದ್ ದಿನಾನೂ ತಗೋಲಿಲ್ಲ ನಾ. ತಗೋಲಿಲ್ಲಂದ್ರೂ ಹೋದ್ರು” ಎಂದಳು ನನಗೆ.

ಆಮೇಲೆ ಗುಮಾಸ್ತನ ಕಡೆ ತಿರುಗಿ, ಹೊರಗೆ ನಿಂತ ಕೂಲಿಗಳಿಗೂ ಕೇಳುವಂತೆ ಹೇಳಿದಳು: “ರೇವಣಸಿದ್ದ.”

ಗುಮಾಸ್ತ ಬರೆದುಕೊಂಡ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ, ಪುಸ್ತಕ ಮುಚ್ಚಿದ. ಕೆಲಸ ಮುಗಿದಿತ್ತು. ಯಾರೂ ಕೇಳದಿದ್ದರೂ ಅವಳು ಇನ್ನೊಂದು ಸಲ ಹೇಳಿದಳು, ಮೆಲ್ಲಗೆ, “ರೇವಣಸಿದ್ದ.”